ಲೋಥರ್ ಭಾವನ ನೆರಳುಗಡಿಯಾರ

ಒಮಾನಿನ ಹಮ್ರಿಯಾ ಬಡಾವಣೆಯ ಹಳೆಯ ಮೂರಂತಸ್ತಿನ ಕಟ್ಟಡವೊಂದರ ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ, ಗೇಣುದ್ದದ ಹಿತ್ತಾಳೆಯ ಕಡ್ಡಿಯೊಂದು ಓರೆಯಾಗಿ ನಿಂತಿತ್ತು. ಅದರ ಕೆಳಗೆ ನುಣ್ಣಗೆ ಉಜ್ಜಿದ ಅಮೃತಶಿಲೆಯ ಹಲಗೆ. ಹಲಗೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು. ಹಪ್ಪಳ ಒಣಗಿಸಲು ಬರುವ ಹೆಂಗಸರು ಕೈಗಡಿಯಾರ ಕಟ್ಟಿಕೊಂಡು ಬರುತ್ತಿರಲಿಲ್ಲ. ಕಡ್ಡಿಯ ನೆರಳು ಎರಡನೆಯ ಗೆರೆಯನ್ನು ಮುಟ್ಟುತ್ತಿದ್ದಂತೆಯೇ, "ಮಕ್ಕಳ ಬಸ್ಸು ಬರುವ ಹೊತ್ತಾಯ್ತು ಮಾರಾಯ್ತಿ" ಎಂದು ಸೆರಗು ಕೊಡವಿ ಇಳಿದುಹೋಗುತ್ತಿದ್ದರು. ಆ ನೆರಳು ಯಾರಿಗೂ ಒಮ್ಮೆಯೂ ತಪ್ಪು ಹೇಳಿದ್ದಿಲ್ಲ.

ಅದನ್ನು ಮಾಡಿದವರು ಎರಡನೆಯ ಅಂತಸ್ತಿನ ಲೋಥರ್ ಬ್ರಿಂಕ್‌ಮನ್. ಜರ್ಮನಿಯವರು. ರುಸೈಲಿನಲ್ಲಿ ಕೊಳವೆ ತಯಾರಿಸುವ ಕಾರ್ಖಾನೆಯೊಂದರ ಎಂಜಿನಿಯರು. ಅವರ ದೇಶದವರೆಲ್ಲ ಕಡಲ ತಡಿಯ ಬಂಗಲೆಗಳಲ್ಲಿ ಇದ್ದರೆ, ಇವರು ಮಾತ್ರ ಮಂಗಳೂರು, ಉಡುಪಿ, ಕೇರಳದವರ ಅಂಗಡಿಗಳ ನಡುವೆ, ಮೀನು ಹುರಿಯುವ ವಾಸನೆಯ ಮೆಟ್ಟಿಲು ಹತ್ತಿ ಮನೆ ಸೇರುತ್ತಿದ್ದರು. ಕಾರಣ ಸರಳವಾದದ್ದು. ಹೆಂಡತಿ ಸುಂದರಿ ಕಾರ್ಕಳದವಳು. ತುಳುವಿನಲ್ಲಿ ನಾಲ್ಕು ಮಾತಾಡದೆ ಒಂದು ದಿನ ಕಳೆದರೆ ಅವಳಿಗೆ ತಲೆನೋವು ಬರುತ್ತಿತ್ತು.

ಲೋಥರ್ ಒಮಾನಿಗೆ ಬಂದದ್ದು ಎಪ್ಪತ್ತೆಂಟರಲ್ಲಿ, ಒಂದು ದೊಡ್ಡ ಕ್ರೇನಿನ ಜೊತೆಗೆ, ಎರಡೇ ವರ್ಷದ ಒಪ್ಪಂದದ ಮೇಲೆ. ಕ್ರೇನು ಎರಡು ವರ್ಷಕ್ಕೆ ಹಿಂದಿರುಗಿತು, ಅವರು ಉಳಿದರು. ಬಂದ ಮೂರನೆಯ ಬೇಸಿಗೆಯಲ್ಲಿ ಬಿಸಿ ಎಣ್ಣೆ ಚೆಲ್ಲಿ ಕೈ ಸುಟ್ಟುಕೊಂಡಾಗ, ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ನರ್ಸು ಸುಂದರಿ. ಇಪ್ಪತ್ತು ದಿನ ಅವಳು ಪಟ್ಟಿ ಬದಲಾಯಿಸಿದಳು. ಕೈ ವಾಸಿಯಾದ ಮೇಲೂ ಅವರು ಪಟ್ಟಿ ಬದಲಾಯಿಸಿಕೊಳ್ಳಲು ಹೋಗುವುದನ್ನು ಬಿಡಲಿಲ್ಲ. ಎಂಬತ್ತಮೂರರಲ್ಲಿ ಕಾರ್ಕಳದಲ್ಲಿ ಮದುವೆಯಾಯಿತು. ಆ ಮದುವೆಗೆ ಮುನ್ನ ಅವಳ ತಂದೆಗೆ ಅವರು ಬಲ್ಲ ಮಾತಿನಲ್ಲಿ ನಮಸ್ಕಾರ ಹೇಳಬೇಕೆಂದು ಲೋಥರ್ ಒಂದನೆಯ ತರಗತಿಯ ಪಾಠಪುಸ್ತಕ ತರಿಸಿ ಕನ್ನಡ ಕಲಿತರು. ಕಲಿತದ್ದು ಪುಸ್ತಕದಿಂದಾದ್ದರಿಂದ ಅವರ ಕನ್ನಡವು ಕಡೆಯವರೆಗೂ ಪುಸ್ತಕದಂತೆಯೇ ಉಳಿಯಿತು. "ಸುಂದರಿ, ನಾನು ಈಗ ಸ್ನಾನವನ್ನು ಮಾಡುತ್ತೇನೆ" ಎಂದು ಅವರು ಹೇಳಿದರೆ ನೆರೆಮನೆಯವರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಮಗಳು ಹುಟ್ಟಿದಾಗ ತಮ್ಮ ತಾಯಿಯ ಹೆಸರನ್ನೇ ಇಟ್ಟರು: ಗ್ರೆಟ್ಟಾ. ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸುವುದನ್ನು ಅತ್ತೆಯಿಂದ ಕಲಿತು ತಾವೇ ಮಾಡಿದರು. ಕಾರ್ಖಾನೆಯಿಂದ ಐದಕ್ಕೆ ಹೊರಟರೆ ಆರರೊಳಗೆ ಮನೆ. ಪಾರ್ಟಿ, ಕ್ಲಬ್ಬು ಯಾವುದೂ ಇಲ್ಲ. ಹೆಂಡತಿ, ಮಗಳು, ನೆರಳುಗಡಿಯಾರ. ಈ ಮೂರರಿಂದ ಅವರ ಹಗಲು ತುಂಬಿತ್ತು. ಬಾಲ್ಯದಲ್ಲಿ ಅವರ ಊರಿನ ಇಗರ್ಜಿಯ ಗೋಡೆಯ ಮೇಲೆ ಅಂಥದೊಂದು ಗಡಿಯಾರವಿತ್ತಂತೆ. ವರ್ಷದ ಹೆಚ್ಚಿನ ದಿನಗಳಲ್ಲಿ ಮೋಡ ಕವಿದು ಅದು ಕುರುಡಾಗಿರುತ್ತಿತ್ತಂತೆ. ಒಮಾನಿನ ಬಿಸಿಲನ್ನು ಮೊದಲ ಸಲ ಕಂಡಾಗ ಉಳಿದವರು ಬೆವರು ಒರೆಸಿಕೊಂಡರೆ, ಲೋಥರ್ ಹಬ್ಬದೂಟಕ್ಕೆ ಕುಳಿತವರಂತೆ ನೋಡಿದರು. ಇಲ್ಲಿ ನೆರಳಿಗೆ ರಜೆಯೇ ಇಲ್ಲ!

ಗುರುವಾರ ಮತ್ತು ಶುಕ್ರವಾರ ಅವರಿಗೆ ರಜೆ. ಗುರುವಾರ ಬೆಳಿಗ್ಗೆ ಸುಂದರಿ ನೀರುದೋಸೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ಬುತ್ತಿ ಕಟ್ಟುತ್ತಿದ್ದಳು. ಹಿಂದಿನ ಸೀಟಿನಲ್ಲಿ ಗ್ರೆಟ್ಟಾ, ಅವಳ ಪಕ್ಕ ಕೊಗ್ಗ. ಕೊಗ್ಗ ಅದೇ ಕಾರ್ಖಾನೆಯ ಫೋರ್‌ಮನ್ನು, ಮೂಡಬಿದಿರೆಯವನು. ಸುಂದರಿಯನ್ನು ಅಕ್ಕ ಎಂದು ಕರೆದ ದಿನದಿಂದ ಲೋಥರ್ ಅವನಿಗೆ ಭಾವನಾಗಿದ್ದರು. ಕಾರ್ಖಾನೆಯಲ್ಲಿ 'ಸರ್', ಗೇಟು ದಾಟಿದರೆ 'ಭಾವ'. ಅವನ ಬಾಯಿಂದ ಆ ಹೆಸರು ಹಮ್ರಿಯಾ ತುಂಬ ಹರಡಿತ್ತು.

ಅವರ ದಾರಿ ರುಸ್ತಾಕಿನ ಕೋಟೆಯನ್ನು ದಾಟಿ, ಬೆಟ್ಟದ ಬುಡದ ಒಂದು ಪುಟ್ಟ ಹಳ್ಳಿಯಲ್ಲಿ ಕೊನೆಗಾಣುತ್ತಿತ್ತು. ತೊಂಬತ್ತೆರಡರಲ್ಲಿ ಅಲ್ಲಿ ಅವರ ಕಾರಿನ ಎಂಜಿನ್ ಕಾದು ನಿಂತಾಗ, ಖಲ್ಫಾನ್ ಎಂಬ ಬಿಳಿಗಡ್ಡದ ಹಿರಿಯರು ಒಂದು ಕೊಡ ನೀರು ತಂದುಕೊಟ್ಟು, ಆಮೇಲೆ ಖರ್ಜೂರ ಕೊಟ್ಟು, ಆಮೇಲೆ ಊಟ ಕೊಟ್ಟು, ಮುಂದಿನ ವಾರವೂ ಬನ್ನಿ ಎಂದಿದ್ದರು. ಇವರು ಹೋದರು. ಹೋಗುತ್ತಲೇ ಇದ್ದರು.

ಆ ಹಳ್ಳಿಯ ಜೀವವೆಲ್ಲ ಒಂದು ಫಲಜಿನಲ್ಲಿತ್ತು. ಬೆಟ್ಟದೊಳಗಿನ ಒರತೆಯಿಂದ ತೋಟಗಳಿಗೆ ನೀರು ತರುವ ಕಲ್ಲುಗಾಲುವೆಗೆ ಅಲ್ಲಿಯವರು ಫಲಜ್ ಎನ್ನುತ್ತಾರೆ. ನೀರು ಒಂದೇ, ತೋಟಗಳು ಹಲವು, ಆದ್ದರಿಂದ ಸರದಿ. ಮಸೀದಿಯ ಹಿಂದಿನ ಬಯಲಿನಲ್ಲಿ ಎರಡಾಳೆತ್ತರದ ಮರದ ಕಂಬವೊಂದಿತ್ತು. ನೆಲದಲ್ಲಿ ಸಾಲಾಗಿ ಹೂತಿಟ್ಟ ಕಲ್ಲುಗಳಿದ್ದವು. ಕಂಬದ ನೆರಳಿನ ತುದಿ ಒಬ್ಬನ ಕಲ್ಲನ್ನು ಮುಟ್ಟಿದಾಗ ಅವನು ತನ್ನ ತೋಟದ ಕಡೆಗೆ ನೀರು ತಿರುಗಿಸುವನು. ಮುಂದಿನ ಕಲ್ಲನ್ನು ಮುಟ್ಟಿದಾಗ ಮುಂದಿನವನು. ಕೈಗಡಿಯಾರಗಳು ಊರಿಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ನೀರಿನ ಮಾತಿನಲ್ಲಿ ಅಲ್ಲಿಯವರು ನೆರಳನ್ನಷ್ಟೇ ನಂಬುತ್ತಿದ್ದರು. ಆ ನೆರಳಿನ ಯಜಮಾನಿಕೆ ಖಲ್ಫಾನರದು.

ಲೋಥರರಿಗೆ ಅದು ಸ್ವರ್ಗವಾಯಿತು. ಖರ್ಜೂರದ ಮರಗಳ ಕೆಳಗೆ, ಹರಿಯುವ ನೀರಿನಲ್ಲಿ ಕಾಲು ಇಳಿಬಿಟ್ಟು, ಅರೆಗಣ್ಣು ಮುಚ್ಚಿ ಅವರು ಆ ಕಂಬದ ನೆರಳನ್ನೇ ನೋಡುತ್ತಿದ್ದರು. ಪುಟ್ಟ ಮೀನುಗಳು ಬಂದು ಹಿಮ್ಮಡಿಯನ್ನು ಮೆಲ್ಲನೆ ಮುಟ್ಟಿ ಹೋಗುತ್ತಿದ್ದವು. ಮೇಲೆ ಗರಿಗಳು ಅಲುಗಿದರೆ ಕೆಳಗೆ ಬಿಸಿಲಿನ ನಾಣ್ಯಗಳು ಅಲುಗುತ್ತಿದ್ದವು. ಎಲ್ಲೋ ಕತ್ತೆಯೊಂದು ಕೂಗುತ್ತಿತ್ತು. ಎಲ್ಲೋ ಯಾರೋ ನೀರಿನ ಬಾಯಿಗೆ ತುರುಕಿದ ಬಟ್ಟೆಯನ್ನು ಕೀಳುವ ಸದ್ದು. ಜೂನ್ ತಿಂಗಳ ನಡುಹಗಲಿನಲ್ಲಂತೂ ಸೂರ್ಯನು ಅಲ್ಲಿ ನೆತ್ತಿಗೇ ಬರುವುದರಿಂದ ಕಂಬದ ನೆರಳು ಕಂಬದ ಬುಡಕ್ಕೇ ಇಳಿದು, ಒಂದು ಗಳಿಗೆ ಇಲ್ಲವೇ ಆಗಿಬಿಡುತ್ತಿತ್ತು. ಆ ಗಳಿಗೆಯಲ್ಲಿ ಲೋಥರರಿಗೆ ತಾವು ಯಾವ ದೇಶದವರು, ಯಾವ ಕಾಲದವರು ಎಂಬುದೂ ಮರೆತುಹೋಗುತ್ತಿತ್ತು.

"ಎಂತ ಭಾವ, ನಿದ್ದೆಯಾ?" ಎಂದು ಕೊಗ್ಗ ಕೇಳುವನು.

"ಇಲ್ಲ. ನಾನು ವಿಚಾರವನ್ನು ಮಾಡುತ್ತಿದ್ದೇನೆ."

"ಗೊರಕೆ ಹೊಡಿಯುತ್ತಾ ವಿಚಾರ ಮಾಡುವವರನ್ನು ನಾನು ನಿಮ್ಮೊಬ್ಬರನ್ನೇ ಕಂಡದ್ದು."

ಸುಂದರಿಗೂ ಅಲ್ಲಿ ಒಬ್ಬ ಗೆಳತಿ ಇದ್ದರು: ಝಯಾನಾ ಅಜ್ಜಿ. ಕಾಲುವೆಯ ಕಟ್ಟಕಡೆಯ ತೋಟ ಅವರದು. ತೋಟವೆಂದರೆ ಏಳು ನಿಂಬೆಮರ. ಗಂಡ ತೀರಿಕೊಂಡ ವರ್ಷ ತಾವೇ ನೆಟ್ಟವು. ಆ ನಿಂಬೆಯನ್ನು ಒಣಗಿಸಿ ರುಸ್ತಾಕಿನ ಸಂತೆಗೆ ಕಳಿಸಿಯೇ ಅವರ ಮತ್ತು ಮೊಮ್ಮಗಳ ಒಲೆ ಉರಿಯುತ್ತಿತ್ತು. ಗುರುವಾರ ಅವರ ನೀರಿನ ದಿನ. ನೆತ್ತಿಯಿಂದ ಸೂರ್ಯ ಜಾರಿದ ಕೂಡಲೇ ಬರುವ ಮೊದಲ ಸರದಿ ಅವರದು. ನೀರು ಹಾಯಿಸಿ ಮುಗಿದ ಮೇಲೆ ಹಿತ್ತಾಳೆಯ ಕೂಜೆಯಲ್ಲಿ ಏಲಕ್ಕಿ ಹಾಕಿದ ಕಾಫಿ ತಂದು, ಸುಂದರಿಯ ಮಗ್ಗುಲಲ್ಲಿ ಕುಳಿತು, ಮಂಡಿನೋವಿಗೆ ಯಾವ ಮಾತ್ರೆ ಒಳ್ಳೆಯದು ಎಂದು ಪ್ರತಿ ವಾರವೂ ಕೇಳುತ್ತಿದ್ದರು. ಸುಂದರಿ ಪ್ರತಿ ವಾರವೂ ಅದೇ ಮಾತ್ರೆಯ ಹೆಸರು ಹೇಳುತ್ತಿದ್ದಳು.

ಎರಡು ಸಾವಿರದ ಮೂರನೆಯ ಇಸವಿಯ ಮೇ ತಿಂಗಳಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಾ ಆ ಕಂಬವನ್ನು ಮುರಿದು, ಕಲ್ಲುಗಳನ್ನೆಲ್ಲ ಕಿತ್ತು ಚೆಲ್ಲಾಪಿಲ್ಲಿ ಮಾಡಿತು. ಖಲ್ಫಾನರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಗುರುವಾರ ಲೋಥರ್ ಕಾರಿನಿಂದ ಇಳಿಯುತ್ತಿದ್ದಂತೆಯೇ ಅವರು ಕೈ ಹಿಡಿದುಕೊಂಡು, "ಯಾ ಮುಹಂದಿಸ್" ಎಂದರು. ಎಂಜಿನಿಯರನನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ನೀನು ನೆರಳಿನ ಮನುಷ್ಯ. ಇದನ್ನು ನಿಲ್ಲಿಸಿ ಕೊಡು."

ಆ ಮಾತು ಕೇಳಿ ಲೋಥರರ ನೀಲಿ ಕಣ್ಣುಗಳಲ್ಲಿ ನೀರು ತುಂಬಿತು. ಕಾರ್ಖಾನೆಯಲ್ಲಿ ಅವರನ್ನು ಯಂತ್ರ ಕೆಟ್ಟಾಗ ಕರೆಯುತ್ತಿದ್ದರು. ನೆರಳಿಗಾಗಿ ಒಬ್ಬರು ಕರೆದದ್ದು ಜೀವಮಾನದಲ್ಲಿ ಅದೇ ಮೊದಲು.

ಹದಿನೈದು ದಿನ ರಜೆ ಹಾಕಿದರು. ಮನೆಯ ಊಟದ ಮೇಜು ಕಾಗದಗಳಿಂದ ಮುಚ್ಚಿಹೋಯಿತು. ಗ್ರೆಟ್ಟಾ ಹನ್ನೆರಡನೆಯ ತರಗತಿಯ ಗಣಿತವನ್ನೆಲ್ಲ ಅಪ್ಪನಿಗೆ ಧಾರೆ ಎರೆದಳು.

"ಪಪ್ಪಾ, ಇಟ್ಸ್ ಪರ್ಫೆಕ್ಟ್! ಎವ್ರಿ ಹಾಫ್ ಅವರ್ ಈಸ್ ಎಕ್ಸಾಕ್ಟ್ಲಿ ಹಾಫ್ ಅವರ್!"

"ಹೌದು ಮಗಳೇ. ಹಳೆಯ ಕಲ್ಲುಗಳು ಬಹಳ ತಪ್ಪಾಗಿದ್ದವು. ಬೆಳಗಿನವರಿಗೆ ಇಪ್ಪತ್ತೆರಡು ನಿಮಿಷ, ಮಧ್ಯಾಹ್ನದವರಿಗೆ ನಲವತ್ತಕ್ಕಿಂತ ಹೆಚ್ಚು. ಇದು ನ್ಯಾಯವಲ್ಲ."

ಹೊಸ ಕಂಬ ಕಬ್ಬಿಣದ್ದು. ಕೊಗ್ಗನೇ ಲೇಥಿನಲ್ಲಿ ಕಡೆದದ್ದು. ನೆಲಕ್ಕೆ ಸಿಮೆಂಟು ಹಾಕಿ, ತಿಂಗಳು ತಿಂಗಳಿಗೆ ಬೇರೆ ಬೇರೆ ಬಾಗು ಬರುವಂತೆ ಹಿತ್ತಾಳೆಯ ಪಟ್ಟಿಗಳನ್ನು ಕೂಡಿಸಿದರು. ಉದ್ಘಾಟನೆಯ ದಿನ ಊರವರು ಕೈಗಡಿಯಾರ ಹಿಡಿದು ನೋಡಿದರು. ಮೂವತ್ತು ನಿಮಿಷ ಎಂದರೆ ಮೂವತ್ತೇ ನಿಮಿಷ. "ಮಾಶಾಅಲ್ಲಾ" ಎಂದರು. ಖಲ್ಫಾನರು ಬಗ್ಗಿ ಹಿತ್ತಾಳೆಯ ಪಟ್ಟಿಗಳನ್ನು ಬೆರಳಿನಿಂದ ಒಂದೊಂದಾಗಿ ತಡವಿದರು. ತಡವುತ್ತಾ ತಡವುತ್ತಾ ನಡುವೆ ಒಂದು ಕಡೆ ಅವರ ಬೆರಳು ನಿಂತಿತು. ಆಮೇಲೆ ಎದ್ದು, ಲೋಥರರ ಹೆಗಲ ಮೇಲೆ ಕೈಯಿಟ್ಟು, "ಅಲ್ಲಾಹನು ನಿನ್ನ ಕೈಗೆ ಬಲ ಕೊಡಲಿ" ಎಂದಷ್ಟೇ ಹೇಳಿದರು.

ಅದಾಗಿ ಏಳು ವಾರ ಕಳೆಯಿತು. ಜುಲೈ ತಿಂಗಳ ಬಿಸಿಲು. ಒಂದು ಗುರುವಾರ ಝಯಾನಾ ಅಜ್ಜಿ ಕಾಫಿ ತರಲಿಲ್ಲ. ಮುಂದಿನ ಗುರುವಾರವೂ ತರಲಿಲ್ಲ. ಮಂಡಿನೋವು ಹೆಚ್ಚಿತೇನೋ ಎಂದು ಮೂರನೆಯ ಗುರುವಾರ ನಡುಹಗಲಿಗೆ ಮೊದಲೇ ಸುಂದರಿ ಮಾತ್ರೆ ತೆಗೆದುಕೊಂಡು ಅವರ ತೋಟಕ್ಕೆ ಹೋದಳು. ಹಿಂದಿರುಗಿ ಬಂದವಳು ಗಂಡನ ಮುಂದೆ ನಿಂತು, ಒಂದು ಹಿಡಿ ಎಲೆಗಳನ್ನು ಅವರ ತೊಡೆಯ ಮೇಲೆ ಹಾಕಿದಳು. ನಿಂಬೆಯೆಲೆಗಳು. ಸುರುಳಿಸುತ್ತಿ, ಹಪ್ಪಳದಂತೆ ಗರಿಗರಿಯಾಗಿದ್ದವು.

"ನೋಡಿ ಮಾರಾಯ್ರೆ. ಏಳರಲ್ಲಿ ಎರಡು ಮರ ಸತ್ತಿದೆ. ಉಳಿದ ಐದೂ ಈ ತಿಂಗಳು ದಾಟುವುದು ಡೌಟು."

"ಏಕೆ? ರೋಗವು ಬಂದಿದೆಯೇ?"

"ರೋಗ ಅಲ್ಲ. ನೀರಿಲ್ಲ."

"ಅದು ಹೇಗೆ ಸಾಧ್ಯ? ಅವರಿಗೆ ಮೂವತ್ತು ನಿಮಿಷಗಳು ಇವೆ. ಎಲ್ಲರಿಗೂ ಮೂವತ್ತು ನಿಮಿಷಗಳು."

ಸುಂದರಿಗೆ ಸಿಟ್ಟು ಬಂತು. "ಮರ ನಿಮಿಷ ಕುಡಿದು ಬದುಕ್ತದಾ? ನಮ್ಮ ಅಮ್ಮ ಮಲ್ಲಿಗೆ ಗಿಡಕ್ಕೆ ಬೆಳಿಗ್ಗೆ ಆದರೆ ಎರಡು ಕೊಡ, ಮಧ್ಯಾಹ್ನ ಆದರೆ ನಾಲ್ಕು ಕೊಡ ಹಾಕ್ತಿದ್ರು. ಕೇಳಿದ್ರೆ, ಎರಡು ಕೊಡ ನೆಲಕ್ಕೆ, ಎರಡು ಕೊಡ ಗಿಡಕ್ಕೆ ಅಂತಿದ್ರು. ಅಷ್ಟು ದೊಡ್ಡ ಎಂಜಿನಿಯರು ನೀವು, ಆ ಕಾಲುವೆಯನ್ನು ಒಮ್ಮೆ ನಡೆದು ನೋಡಿದ್ದುಂಟಾ?"

ಹನ್ನೊಂದು ವರ್ಷಗಳಲ್ಲಿ ಲೋಥರ್ ಆ ನೀರಿನಲ್ಲಿ ಕಾಲಿಟ್ಟು ಕುಳಿತಿದ್ದರು; ಅದು ಎಲ್ಲಿಗೆ ಹೋಗುತ್ತದೆ ಎಂದು ಕೊನೆಯವರೆಗೆ ನಡೆದು ನೋಡಿರಲಿಲ್ಲ. ಕಂಬದ ನೆರಳು ಆಗ ತಾನೇ ಬುಡವನ್ನು ಬಿಟ್ಟು ಹೊರಬರುತ್ತಿತ್ತು. ಅವರು ಹುಲ್ಲಿನ ಟೋಪಿ ಹಾಕಿಕೊಂಡು ಎದ್ದರು.

ಝಯಾನಾ ಅಜ್ಜಿಯ ಮೊಮ್ಮಗಳು ಕಲ್ಲುಗಾಲುವೆಯ ಬಾಯಿಯಿಂದ ಬಟ್ಟೆಯ ಉಂಡೆಯನ್ನು ಕಿತ್ತಳು. ನೀರು ಮಣ್ಣಿನ ಕವಲಿಗೆ ಧುಮುಕಿತು. ಲೋಥರ್ ಒಣಗರಿಯ ಚೂರೊಂದನ್ನು ಅದರ ನೆತ್ತಿಯ ಮೇಲೆ ತೇಲಬಿಟ್ಟು, ಅದರ ಜೊತೆಯಲ್ಲೇ ನಡೆದರು.

ಅಂಥ ನಡಿಗೆಯನ್ನು ಅವರು ಎಂದೂ ನಡೆದಿರಲಿಲ್ಲ. ಗಾಳಿಯೇ ಇರಲಿಲ್ಲ. ಬೆಟ್ಟಗಳು ಬಿಸಿಲಿನಲ್ಲಿ ಕರಗಿ, ಆಕಾಶದೊಳಗೆ ತೇಲುತ್ತಿದ್ದಂತೆ ಕಂಡವು. ಜೀರುಂಡೆಗಳ ಒಂದೇ ಸಮನಾದ ಶಬ್ದವು ಮೊದಲು ಮರಗಳಿಂದ ಬಂದಂತೆ, ಆಮೇಲೆ ತಮ್ಮ ತಲೆಯೊಳಗಿಂದಲೇ ಬಂದಂತೆ ತೋರಿತು. ನೀರಿನ ಮುಂದಲೆಯು ಬಾಯಾರಿದ ಪ್ರಾಣಿಯ ನಾಲಗೆಯ ಹಾಗೆ ನೆಲವನ್ನು ನೆಕ್ಕುತ್ತಾ, ಸ್ವಲ್ಪ ಮುಂದೆ ಸರಿದು, ನಿಂತು, ಮತ್ತೆ ಸ್ವಲ್ಪ ಸರಿಯುತ್ತಿತ್ತು. ಒಂದು ವಾರ ಕಾದಿದ್ದ ಮಣ್ಣು ಸೀಳುಬಿಟ್ಟಿತ್ತು. ಪ್ರತಿಯೊಂದು ಸೀಳೂ ತನ್ನ ಪಾಲನ್ನು ಕುಡಿದೇ ನೀರನ್ನು ಮುಂದಕ್ಕೆ ಬಿಡುತ್ತಿತ್ತು. ಗರಿಯ ಚೂರು ತೇಲುವುದನ್ನು ಬಿಟ್ಟು ಕೆಸರಿನಲ್ಲಿ ಕುಳಿತಿತು. ಲೋಥರ್ ಅದನ್ನು ಎತ್ತಿ ಮತ್ತೆ ಮುಂದಿಟ್ಟರು. ಮತ್ತೆ ಕುಳಿತಿತು. ಮುನ್ನೂರು ಹೆಜ್ಜೆಯ ಆ ದಾರಿಯಲ್ಲಿ ಅವರಿಗೆ ತಾವು ನೀರಿನ ಜೊತೆ ನಡೆಯುತ್ತಿಲ್ಲ, ಸುಸ್ತಾದ ಮುದುಕಿಯೊಬ್ಬಳನ್ನು ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದೇವೆ ಎನ್ನಿಸಿತು.

ನೀರು ಮೊದಲನೆಯ ನಿಂಬೆಮರವನ್ನು ತಲಪಿದಾಗ ಹದಿನಾಲ್ಕು ನಿಮಿಷಗಳು ಆಗಿದ್ದವು. ಐದನೆಯ ಮರದ ಪಾತಿ ಇನ್ನೂ ಅರ್ಧವೂ ತೋಯ್ದಿರಲಿಲ್ಲ; ಅಷ್ಟರಲ್ಲಿ ಮೇಲಿನಿಂದ ಯಾರೋ, "ಖಲಾಸ್!" ಎಂದು ಕೂಗಿದರು. ನೆರಳು ಹಿತ್ತಾಳೆಯ ಪಟ್ಟಿಯನ್ನು ಮುಟ್ಟಿತ್ತು. ಮೂವತ್ತು ನಿಮಿಷ. ನೀರು ನಿಂತಿತು.

ಝಯಾನಾ ಅಜ್ಜಿ ಸತ್ತ ಮರವೊಂದರ ಬುಡದಲ್ಲಿ ಕುಳಿತಿದ್ದರು. ಲೋಥರರನ್ನು ಕಂಡು ಎದ್ದು, ಕೂತುಕೊಳ್ಳಲು ಚಾಪೆ ಹಾಸಿ, ಖರ್ಜೂರದ ತಟ್ಟೆ ಮುಂದಿಟ್ಟರು. ಮರಗಳ ವಿಷಯ ಒಂದಕ್ಷರ ಆಡಲಿಲ್ಲ. "ಮಗಳು ಗ್ರೆಟ್ಟಾ ಚೆನ್ನಾಗಿ ಓದುತ್ತಾಳಾ?" ಎಂದು ಕೇಳಿದರು.

ಲೋಥರ್ ಖರ್ಜೂರವನ್ನು ಕೈಯಲ್ಲೇ ಹಿಡಿದು ಲೆಕ್ಕ ಹಾಕಿದರು. ಬೆಳಗಿನ ತಂಪಿನಲ್ಲಿ, ರಾತ್ರಿಯೆಲ್ಲ ನೀರು ಹರಿದು ಒದ್ದೆಯಾಗಿರುವ ಕವಲುಗಳಲ್ಲಿ, ಇಪ್ಪತ್ತೆರಡು ನಿಮಿಷವೇ ಧಾರಾಳ. ಉರಿಬಿಸಿಲಿನಲ್ಲಿ, ಕಟ್ಟಕಡೆಯ ತೋಟಕ್ಕೆ, ನಲವತ್ತು ದಾಟಿದರೂ ಅಷ್ಟಕ್ಕಷ್ಟೆ. ಹಳೆಯ ಕಲ್ಲುಗಳನ್ನು ಇಟ್ಟವರು ಹೊತ್ತನ್ನು ಅಳೆದಿರಲಿಲ್ಲ. ಬೇರಿಗೆ ಮುಟ್ಟುವ ನೀರನ್ನು ಅಳೆದಿದ್ದರು. ತಾವು ತಿದ್ದಿದ್ದು ತಪ್ಪನ್ನಲ್ಲ.

ಅವರು ನೇರವಾಗಿ ಖಲ್ಫಾನರ ಮನೆಗೆ ಹೋದರು. ಹಿಂದಿನಿಂದ ಸುಂದರಿ, ಅವಳ ಹಿಂದೆ ಕೊಗ್ಗ.

"ನಿಮಗೆ ಇದು ಗೊತ್ತಿತ್ತೇ?" ಎಂದು ಅರಬ್ಬಿಯಲ್ಲಿ ಕೇಳಿದರು.

ಖಲ್ಫಾನರು ತಮ್ಮ ಊರುಗೋಲಿನ ತುದಿಯನ್ನು ನೋಡುತ್ತಾ, "ಮೊದಲ ದಿನವೇ ಬೆರಳಿಗೆ ಗೊತ್ತಾಯಿತು" ಎಂದರು.

"ಮತ್ತೇಕೆ ಹೇಳಲಿಲ್ಲ?"

"ನೀನು ಅತಿಥಿ, ಯಾ ಲೋಥರ್. ನಾವು ಕೇಳಿದೆವು, ನೀನು ಬೆವರು ಸುರಿಸಿ ಮಾಡಿದೆ. ಅತಿಥಿಯ ಕೈಕೆಲಸವನ್ನು ಅವನೆದುರಿಗೆ ಹಳಿಯುವುದು ನಮ್ಮಲ್ಲಿ ಇಲ್ಲ. ಊರವರು ಸೇರಿ ಮಾತಾಡಿದ್ದೂ ಆಯಿತು. ಝಯಾನಾಳೇ ಬೇಡವೆಂದಳು. ಆ ಮನುಷ್ಯನ ಮುಖದಲ್ಲಿ ಆ ದಿನ ಎಷ್ಟು ಸಂತೋಷವಿತ್ತು ಎಂದಳು. ಅವನೇ ಒಂದು ದಿನ ಕಾಣುತ್ತಾನೆ, ಅಲ್ಲಿಯವರೆಗೆ ಕಾಯೋಣ ಎಂದಳು."

"ಮರಗಳು ಸಾಯುತ್ತಿದ್ದರೂ?"

"ನೆರೆಯವರು ತಮ್ಮ ಪಾಲಿನಿಂದ ಒಂದೆರಡು ಕೊಡ ಹೊತ್ತು ಹಾಕಿದರು. ಸಾಲಲಿಲ್ಲ."

ಲೋಥರ್ ಕನ್ನಡದಲ್ಲಿ, ಯಾರಿಗೂ ಅಲ್ಲದಂತೆ, "ನಾನು ಹನ್ನೊಂದು ವರ್ಷ ಬಂದಿದ್ದೇನೆ. ಇನ್ನೂ ಅತಿಥಿಯೇ ಆಗಿದ್ದೇನೆ" ಎಂದರು.

"ಭಾವ, ಬೇಜಾರು ಮಾಡ್ಬೇಡಿ" ಎಂದ ಕೊಗ್ಗ. "ಮೂವತ್ತು ವರ್ಷ ಇದ್ದರೂ ವೀಸಾದಲ್ಲಿ ಬರೆಯುವುದು ಹಾಗೆಯೇ. ಈಗ ಎಂತ ಮಾಡುವಾ, ಅದನ್ನು ಹೇಳಿ."

"ಸುತ್ತಿಗೆಯನ್ನು ತೆಗೆದುಕೊಂಡು ಬಾ."

ಮರುದಿನ ಶುಕ್ರವಾರ. ಬೆಳಕು ಹರಿಯುವ ಮೊದಲೇ ಲೋಥರ್ ಮತ್ತು ಕೊಗ್ಗ ಸಿಮೆಂಟನ್ನು ಒಡೆಯತೊಡಗಿದರು. ಹಿತ್ತಾಳೆಯ ಪಟ್ಟಿಗಳು ಒಂದೊಂದಾಗಿ ಎದ್ದು ಬಂದವು. ಕಬ್ಬಿಣದ ಕಂಬವನ್ನು ಮಾತ್ರ ಬಿಟ್ಟರು. ಸದ್ದು ಕೇಳಿ ಊರೇ ನೆರೆಯಿತು. ಯಾರೋ ಒಬ್ಬರು ಬಂದು ಸುತ್ತಿಗೆಯನ್ನು ಹಿಡಿದುಕೊಂಡು, "ಬೇಡ, ನಿನ್ನ ಶ್ರಮ" ಎಂದರು.

ಲೋಥರ್ ಬೆನ್ನು ನೆಟ್ಟಗೆ ಮಾಡಿ ನಿಂತು, ತಮ್ಮ ಮುರುಕು ಅರಬ್ಬಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನಾನು ತಪ್ಪು ಮಾಡಿದೆ. ನನ್ನನ್ನು ಬೈಯಿರಿ. ನಿಮ್ಮ ಮನೆಯ ಮಗ ತಪ್ಪು ಮಾಡಿದರೆ ಬೈಯುವುದಿಲ್ಲವೇ?"

ಒಬ್ಬರ ಮುಖ ಒಬ್ಬರು ನೋಡಿದರು. ಆಗ ಗುಂಪಿನ ಹಿಂದಿನಿಂದ ಝಯಾನಾ ಅಜ್ಜಿ ಮಂಡಿ ಹಿಡಿದುಕೊಂಡು ಮುಂದೆ ಬಂದರು. ಲೋಥರರ ಎದುರು ನಿಂತು, ಮುಖವಾಡದಂಥ ಗಂಭೀರ ಮುಖದಿಂದ, "ಕತ್ತೆ!" ಎಂದರು. "ನನ್ನ ಎರಡು ಮರ ಕೊಂದೆಯಲ್ಲೋ ಕತ್ತೆ! ನಿನಗೆ ಕಣ್ಣಿರಲಿಲ್ಲವಾ?"

ಮೊದಲು ಖಲ್ಫಾನರು ನಕ್ಕರು. ಅವರ ಹಿಂದೆ ಊರೆಲ್ಲ ನಕ್ಕಿತು. ಲೋಥರ್ ನಗುತ್ತಲೇ ಕಣ್ಣೊರೆಸಿಕೊಂಡರು. ಸುಂದರಿ ಮಾತ್ರ, "ಇನ್ನೂ ಎರಡು ಬೈಯಿರಿ ಅಜ್ಜಿ, ನನ್ನ ಪಾಲಿನದೂ ಸೇರಿಸಿ" ಎಂದಳು.

ಆ ದಿನ ಅಲ್ಲಿ ನಡೆದದ್ದನ್ನು ಲೋಥರ್ ಮುಂದೆ ಎಷ್ಟೋ ಜನರಿಗೆ ಹೇಳಿದರು. ಎಷ್ಟು ಹೇಳಿದರೂ ಅವರಿಗೆ ತೃಪ್ತಿಯಾಗುತ್ತಿರಲಿಲ್ಲ. ಸೂರ್ಯ ಬೆಟ್ಟದ ಮೇಲೆ ಬಂದಾಗ ಕಂಬದ ನೆರಳು ಪಶ್ಚಿಮಕ್ಕೆ ಉದ್ದವಾಗಿ ಮಲಗಿತು. ಪ್ರತಿಯೊಬ್ಬರೂ ತಮ್ಮ ಕಲ್ಲನ್ನು ತಾವೇ ಹೊತ್ತು ತಂದರು. ಒಬ್ಬರ ಕಲ್ಲು ಬಿಳಿ, ಒಬ್ಬರದು ಕಪ್ಪು, ಒಬ್ಬರದು ಅಜ್ಜನ ಕಾಲದ ಒಡೆದ ಬೀಸುವ ಕಲ್ಲಿನ ಚೂರು. ಯಾವ ಕಲ್ಲು ಎಲ್ಲಿತ್ತು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಅದು ಅವರ ಕಾಲುಗಳಲ್ಲಿತ್ತು. ಒಬ್ಬರು ಮೂರು ಹೆಜ್ಜೆ ಮತ್ತು ಒಂದು ಪಾದ ಎಂದರು. ಇನ್ನೊಬ್ಬರು ಅಲ್ಲ, ಪಾದವಿಲ್ಲ, ಮೂರೇ ಎಂದು ಜಗಳ ತೆಗೆದರು. ಖಲ್ಫಾನರು ನಡುವೆ ನಿಂತು, ಕಣ್ಣಿಗೆ ಪೊರೆ ಇದ್ದರೂ ನೆಲವನ್ನು ಪಾದದಿಂದ ತಡವಿ ತೀರ್ಪು ಕೊಟ್ಟರು. ನೆರಳು ಬರುತ್ತಿತ್ತು, ಕಲ್ಲು ಕೂರುತ್ತಿತ್ತು. ಬೆಳಗಿನ ಕಲ್ಲುಗಳ ಮೇಲೆ ಅದು ಓಡಿತು. ಹೊತ್ತೇರಿದಂತೆ ನಿಧಾನವಾಯಿತು. ನಡುಹಗಲಿಗೆ ಬರುವಷ್ಟರಲ್ಲಿ, ಅದೂ ಬಿಸಿಲಿಗೆ ಅಂಜಿ ಕಂಬವನ್ನು ತಬ್ಬಿಕೊಂಡು ನಿಂತ ಮಗುವಿನಂತಿತ್ತು.

ನಮಾಜು ಮುಗಿಸಿ ಎಲ್ಲರೂ ಬಂದ ಮೇಲೆ ಅಜ್ಜಿಯ ಕಲ್ಲಿನ ಪಾಳಿ. ಅವರು ಹಿಂದಿನ ಕಲ್ಲಿನ ಪಕ್ಕದಲ್ಲಿ ನೆಲಕ್ಕೆ ಕುಳಿತು, ಮಣ್ಣಿನ ಮೇಲೆ ಅಂಗೈ ಚಾಚಿದರು. ಒಂದು ಗೇಣು. ಎರಡು ಗೇಣು. ಆಮೇಲೆ ನಾಲ್ಕು ಬೆರಳು. ನಾಲ್ಕನೆಯ ಬೆರಳನ್ನು ಇಡುವಾಗ ತಲೆಯೆತ್ತಿ ಸುತ್ತ ಕುಳಿತವರನ್ನು ನೋಡಿದರು. ಮುಂದಿನ ಸರದಿಯವನು, ಅವರ ಒಂದೊಂದು ಬೆರಳಿಗೂ ನೀರು ಕಳೆದುಕೊಳ್ಳುವವನು, "ಸರಿಯಾಗಿದೆ" ಎಂದು ತಲೆಯಾಡಿಸಿದ. ಲೋಥರ್ ಗುಂಡಿ ತೋಡಿದರು, ಅಜ್ಜಿ ಕಲ್ಲಿಟ್ಟರು. ಕೊಗ್ಗ ಪಿಸುದನಿಯಲ್ಲಿ, "ಭಾವ, ಎಷ್ಟು ನಿಮಿಷ ಬರ್ತದೆ?" ಎಂದು ಕೇಳಿದ. ಲೋಥರರ ತಲೆ ಆ ಲೆಕ್ಕವನ್ನು ಆಗಲೇ ಮಾಡಿ ಮುಗಿಸಿತ್ತು. ಆದರೂ ಅವರು, "ನನಗೆ ತಿಳಿಯದು" ಎಂದರು.

ಮುಂದಿನ ಗುರುವಾರ ನೀರು ಐದೂ ಮರಗಳ ಪಾತಿಯನ್ನು ತುಂಬಿ, ಸತ್ತ ಮರಗಳೆರಡರ ಪಾತಿಯನ್ನೂ ತುಂಬಿತು. ಆಗಸ್ಟಿನಲ್ಲಿ ಒಂದು ಮರ ತಾನು ಬದುಕುವುದೋ ಬೇಡವೋ ಎಂದು ಯೋಚಿಸುತ್ತಾ ಕುಳಿತಿತ್ತು. ಲೋಥರ್ ಪ್ರತಿ ವಾರ ಬಂದು, ಐ.ಸಿ.ಯು. ಮುಂದೆ ಕುಳಿತವರ ಹಾಗೆ ಅದರ ಮುಂದೆ ಕುಳಿತುಕೊಳ್ಳುತ್ತಿದ್ದರು. ಸೆಪ್ಟೆಂಬರಿನ ಕೊನೆಯಲ್ಲಿ ಅದರ ತೊಗಟೆಯ ಒಂದು ಬಿರುಕಿನಿಂದ, ಹಕ್ಕಿಮರಿಯ ಕೊಕ್ಕಿನಷ್ಟು ಚಿಗುರು ಹೊರಬಂತು. ಸುಂದರಿ ಅದನ್ನು ಮೊದಲು ಕಂಡಳು. ಕಂಡು ಗಂಡನಿಗೆ ಹೇಳದೆ, ಅವರೇ ಕಾಣಲೆಂದು ಸುಮ್ಮನಿದ್ದಳು. ಅವರು ಕಾಣಲು ಹತ್ತು ನಿಮಿಷ ಬೇಕಾಯಿತು. ಕಂಡ ಮೇಲೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

ಆ ದಿನ ಝಯಾನಾ ಅಜ್ಜಿ ಒದ್ದೆ ಗೋಣಿಯಲ್ಲಿ ಸುತ್ತಿದ ಎರಡು ನಿಂಬೆಸಸಿಗಳನ್ನು ತಂದು, ಒಂದು ಗುದ್ದಲಿಯನ್ನು ಲೋಥರರ ಕೈಗೆ ಕೊಟ್ಟರು.

"ಮುಹಂದಿಸ್, ಎರಡು ಗುಂಡಿ ತೋಡು."

ಲೋಥರರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಅಲ್ಲಿ ಅಳತೆಪಟ್ಟಿ ಇತ್ತು.

"ತೆಗೆದರೆ ನೋಡು!" ಎಂದು ಅಜ್ಜಿ ಬೆರಳೆತ್ತಿದರು. "ಕೈ ಇಳಿಸಿ ನೋಡು. ಮೊಣಕೈವರೆಗೆ ಹೋದರೆ ಸಾಕು."

"ಭಾವ, ಹೇಳಿದಷ್ಟು ಮಾಡಿ, ಇಲ್ಲದಿದ್ದರೆ ಪುನಃ ಕತ್ತೆ ಆಗ್ತೀರಿ" ಎಂದ ಕೊಗ್ಗ.

ಲೋಥರ್ ಅಳತೆಪಟ್ಟಿಯನ್ನು ಜೇಬಿನೊಳಗೇ ಬಿಟ್ಟು ಗುದ್ದಲಿ ಎತ್ತಿದರು. ಮೊದಲನೆಯ ಗುಂಡಿ ತೋಡಿ, ಮೊಣಕಾಲೂರಿ ಕುಳಿತು, ತೋಳನ್ನು ಒಳಗಿಳಿಸಿದರು. ಮೇಲಿನ ಮಣ್ಣು ಬಿಸಿಯಾಗಿತ್ತು. ಬೆರಳುಗಳು ಕೆಳಗೆ ಇಳಿದಂತೆ ಅದು ತಣ್ಣಗಾಗುತ್ತಾ, ಮೆತ್ತಗಾಗುತ್ತಾ ಹೋಯಿತು. ಮೊಣಕೈ ಮುಳುಗುವಲ್ಲಿ ಒದ್ದೆಯಾಗಿತ್ತು. ನೀರು ಅಲ್ಲಿಯವರೆಗೂ ಬಂದಿತ್ತು. ಅವರು ಕಣ್ಣು ಮುಚ್ಚಿ, ಕೈಯನ್ನು ಅಲ್ಲಿಯೇ ಬಿಟ್ಟು, ಸ್ವಲ್ಪ ಹೊತ್ತು ಹಾಗೆಯೇ ಕುಳಿತರು.

"ಸಿಕ್ಕಿತಾ?" ಎಂದು ಅಜ್ಜಿ ಕೇಳಿದರು.

"ಸಿಕ್ಕಿತು."

"ಹಾಗಾದರೆ ಯಲ್ಲಾ, ಬೇಗ ಎರಡನೆಯದು ತೋಡು. ಕಾಫಿ ಆರುತ್ತದೆ."